ಕುರ್‌ಆನ್ ಪೆನ್ ಮಾತಾಡ್ತಿಲ್ವಾ? ಬಿಚ್ಚುವ ಮೊದಲು ಇಷ್ಟು ನೋಡಿ

ಕುರ್‌ಆನ್ ಪೆನ್ ಅಂದರೆ ಜೊತೆಗೆ ಬರುವ ಪುಸ್ತಕದ ಸಾಲಿನ ಮೇಲೆ ಇಟ್ಟರೆ ಅದನ್ನು ದನಿಯಲ್ಲಿ ಓದಿ ಹೇಳುವ ಪೆನ್ನಿನಾಕಾರದ ಸಾಧನ. "ಪೆನ್ ಡೆಡ್ ಆಗಿದೆ" ಅಂತ ಕೈಗೆ ಬರುವ ಕುರ್‌ಆನ್ ಪೆನ್ನುಗಳಲ್ಲಿ ನಿಜವಾಗಿ ಸತ್ತಿರುವುದು ಕಡಿಮೆ. ಪುಸ್ತಕ ಬೇರೆ ಆಗಿರುತ್ತದೆ. ಇಲ್ಲವೇ ಮೂತಿಗೆ ಕೊಳೆ ಕೂತಿರುತ್ತದೆ, ಕೇಬಲ್ ಹೊಂದುತ್ತಿರುವುದಿಲ್ಲ, ಒಳಗಿನ ಫೈಲ್ ಯಾರೋ ಅಳಿಸಿರುತ್ತಾರೆ. ಇದೆಲ್ಲ ನೋಡದೆ ಸ್ಕ್ರೂಡ್ರೈವರ್ ಹಿಡಿದರೆ ಚೆನ್ನಾಗಿದ್ದ ಪೆನ್ನೂ ಹಾಳಾಗುತ್ತದೆ, ಅದರ ಲಾಕ್‌ಗಳು ಅಷ್ಟು ತೆಳು ಪ್ಲಾಸ್ಟಿಕ್ಕು.

ನಮ್ಮ ಕರಾವಳಿ ಕಡೆ ಇವು ಬರುವುದು ಗಲ್ಫಿನಿಂದ, ಇಲ್ಲವೇ ಉಮ್ರಾಗೆ (ಮೆಕ್ಕಾ ಯಾತ್ರೆಗೆ) ಹೋದವರ ಬ್ಯಾಗಿನಲ್ಲಿ. ಬಿಲ್ ಇರುವುದಿಲ್ಲ, ವಾರಂಟಿ ಕೇಳುವ ಹಾಗಿಲ್ಲ, ಡಬ್ಬಿಯ ಕೈಪಿಡಿ ಅರಬಿಯಲ್ಲೋ ಚೀನೀ ಭಾಷೆಯಲ್ಲೋ ಇರುತ್ತದೆ. ವರ್ಷವಿಡೀ ಕಪಾಟಿನಲ್ಲಿ ಮಲಗಿದ್ದು ರಂಝಾನ್ ಹತ್ತಿರ ಬಂದಾಗ ಎಲ್ಲ ಒಟ್ಟಿಗೆ ರಿಪೇರಿಗೆ ಬರುತ್ತವೆ. ಹಾಗಾಗಿ ಮನೆಯಲ್ಲೇ ನೋಡಿಕೊಳ್ಳಬಹುದಾದದ್ದನ್ನು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಇದು ಕೆಲಸ ಮಾಡುವುದು ಹೇಗೆ

ಇದು ಗೊತ್ತಿದ್ದರೆ ಅರ್ಧ ದೋಷ ನೀವೇ ಹಿಡಿಯುತ್ತೀರಿ. ಪೆನ್ನಿಗೆ ಅರಬಿ ಓದಲು ಬರುವುದಿಲ್ಲ. ಅಕ್ಷರವನ್ನು ಅದು ನೋಡುವುದೇ ಇಲ್ಲ. ಜೊತೆಗೆ ಬಂದ ಮುಸ್‌ಹಫ್‌ನ (ಕುರ್‌ಆನ್ ಪುಸ್ತಕದ) ಪ್ರತಿ ಪುಟದ ಮೇಲೂ ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ಚುಕ್ಕಿಗಳನ್ನು ಮುದ್ರಿಸಿರುತ್ತಾರೆ. ಪೆನ್ನಿನ ಮೂತಿಯಲ್ಲಿ ಒಂದು ಇನ್‌ಫ್ರಾರೆಡ್ ದೀಪ, ಅದರ ಪಕ್ಕ ಒಂದು ಪುಟಾಣಿ ಕ್ಯಾಮೆರಾ. ಕ್ಯಾಮೆರಾ ಆ ಚುಕ್ಕಿಗಳ ಜೋಡಣೆ ನೋಡಿ ಒಂದು ನಂಬರ್ ತೆಗೆಯುತ್ತದೆ, ಆ ನಂಬರಿಗೆ ಕಟ್ಟಿರುವ ಆಡಿಯೊವನ್ನು ಮೆಮೊರಿಯಿಂದ ನುಡಿಸುತ್ತದೆ. ಅಷ್ಟೇ ಕತೆ.

ಚುಕ್ಕಿಗಳು ಕಾರ್ಬನ್ ಇರುವ ಕಪ್ಪು ಶಾಯಿಯವು. ಕಾರ್ಬನ್ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ. ಬೇರೆ ಬಣ್ಣದ ಶಾಯಿಗಳು ಆ ಬೆಳಕಿಗೆ ಅಡ್ಡ ಬರುವುದಿಲ್ಲ. ಅದಕ್ಕೇ ಇಂಥ ಪುಸ್ತಕಗಳಲ್ಲಿ ನಮಗೆ ಕಪ್ಪಾಗಿ ಕಾಣುವ ಅಕ್ಷರವನ್ನೂ ಕಾರ್ಬನ್ ಇಲ್ಲದ ಬಣ್ಣಗಳನ್ನು ಬೆರೆಸಿಯೇ ಮುದ್ರಿಸುತ್ತಾರೆ. ನಮ್ಮ ಕಣ್ಣಿಗೆ ಆಯತ್ (ಕುರ್‌ಆನಿನ ವಾಕ್ಯ), ಪೆನ್ನಿನ ಕಣ್ಣಿಗೆ ಬರೀ ಚುಕ್ಕಿ. ಈ ವಿಷಯ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಆನ್ ಆಗುತ್ತದೆ, ಪುಟ ಮುಟ್ಟಿದರೆ ಸುಮ್ಮನಿರುತ್ತದೆ

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದೇ. ಆನ್ ಮಾಡಿದಾಗ ಸಲಾಮ್ ಹೇಳುತ್ತದೆ, ಇಲ್ಲ ಒಂದು ಟ್ಯೂನ್ ಬಾರಿಸುತ್ತದೆ, ಆಮೇಲೆ ಮೌನ. ಸಲಾಮ್ ಹೇಳಿತು ಅಂದರೆ ಬ್ಯಾಟರಿ, ಬೋರ್ಡು, ಸ್ಪೀಕರ್ ಮೂರೂ ಸರಿ ಇವೆ. ಮೆಮೊರಿಯೂ ಬಹುಪಾಲು ಸರಿ ಇದೆ. ಉಳಿದಿರುವುದು ಪುಸ್ತಕ ಮತ್ತು ಮೂತಿ.

ಮೊದಲ ಪ್ರಶ್ನೆ, ಪುಸ್ತಕ ಯಾವುದು? ಪೆನ್ನಿನ ಜೊತೆ ಬಂದದ್ದೇನಾ? ಹೆಚ್ಚಿನ ಪೆನ್ನುಗಳ ಪುಸ್ತಕ ಮದೀನಾ ಮುದ್ರಣದ ಮಾದರಿಯದು. ಪುಟಕ್ಕೆ 15 ಸಾಲು, ಒಟ್ಟು 604 ಪುಟ. ನಮ್ಮಲ್ಲಿ ಹಿರಿಯರು ಓದಿ ರೂಢಿಯಾದದ್ದು 13 ಸಾಲಿನ ಅಥವಾ 16 ಸಾಲಿನ ಮುಸ್‌ಹಫ್, ಅದರ ಲಿಪಿಯ ವರಸೆಯೇ ಬೇರೆ. ಹೊಸ ಲಿಪಿ ಕಣ್ಣಿಗೆ ಹಿಡಿಸದೆ ಅಜ್ಜಿ ತಮ್ಮ ಹಳೆಯ ಮುಸ್‌ಹಫ್ ತೆಗೆದು ಅದರ ಮೇಲೆ ಪೆನ್ನಿಡುತ್ತಾರೆ. ಅದರಲ್ಲಿ ಚುಕ್ಕಿಗಳೇ ಇಲ್ಲ, ಪೆನ್ನು ಏನು ಮಾಡೀತು? ಬೇರೆ ಕಂಪನಿಯ ಪೆನ್ನಿನ ಪುಸ್ತಕವೂ ಆಗುವುದಿಲ್ಲ. ಚುಕ್ಕಿ ಇರುತ್ತದೆ, ಆದರೆ ನಂಬರ್ ಹೊಂದುವುದಿಲ್ಲ.

ಚುಕ್ಕಿ ಇದೆಯಾ ಇಲ್ಲವಾ ನೋಡುವುದು ಸುಲಭ. ಅಕ್ಷರ ಇಲ್ಲದ ಖಾಲಿ ಅಂಚನ್ನು ಭೂತಗನ್ನಡಿಯಲ್ಲೋ ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿಯೋ ನೋಡಿ. ಬಿಳಿ ಕಾಗದದ ಮೇಲೆ ಕರಿಪುಡಿ ಚಿಮುಕಿಸಿದ ಹಾಗೆ, ಆದರೆ ಸಾಲು ಹಿಡಿದು, ಚುಕ್ಕಿಗಳು ಕಾಣಬೇಕು. ಅಂಥ ಪುಟವನ್ನು ಮಾಮೂಲಿ ಪುಟದ ಪಕ್ಕ ಇಟ್ಟರೆ ಒಂದಿಷ್ಟು ಮಂಕಾಗಿಯೂ ಕಾಣುತ್ತದೆ.

ಝೆರಾಕ್ಸ್ ಬಗ್ಗೆ ಒಂದು ಮಾತು. ಮಕ್ಕಳು ಕಾಯಿದಾ (ಅರಬಿ ಅಕ್ಷರ ಕಲಿಸುವ) ಪುಸ್ತಕ ಹರಿಯುತ್ತಾರೆ ಅಂತ ಅದರ ಝೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದವರಿದ್ದಾರೆ. ಝೆರಾಕ್ಸ್ ಮೆಷಿನ್ ಅಷ್ಟು ಸಣ್ಣ ಚುಕ್ಕಿಯನ್ನು ಸರಿಯಾಗಿ ಎತ್ತುವುದಿಲ್ಲ, ಮೇಲಾಗಿ ಅಕ್ಷರಗಳನ್ನೂ ಕಾರ್ಬನ್ ಪುಡಿಯಲ್ಲೇ ಒತ್ತುತ್ತದೆ. ಪೆನ್ನಿಗೆ ಅದು ಬರೀ ಕಪ್ಪು ಕಲೆ. ಲ್ಯಾಮಿನೇಷನ್ನೂ ಬೇಡ. ಹೊಳಪಿನ ಹಾಳೆಯಿಂದ ದೀಪದ ಬೆಳಕು ವಾಪಸ್ ಬಂದು ಕ್ಯಾಮೆರಾದ ಕಣ್ಣು ಕಟ್ಟುತ್ತದೆ.

ಪುಸ್ತಕ ಸರಿಯಾದದ್ದೇ ಅಂತಾದರೆ, ಮುಖಪುಟ ಮುಟ್ಟಿದಿರಾ? ಬಹಳಷ್ಟು ಪೆನ್ನುಗಳಲ್ಲಿ ಈಗ ಯಾವ ಪುಸ್ತಕ ಓದುತ್ತಿದ್ದೇವೆ ಅಂತ ಮೊದಲು ತಿಳಿಸಬೇಕು. ಮುಖಪುಟದ ಮೇಲೋ ಮೊದಲ ಪುಟದಲ್ಲೋ ಅದಕ್ಕೊಂದು ಗುರುತು ಇರುತ್ತದೆ. ಸಂಜೆ ಮಗು ಕಾಯಿದಾ ಓದಿ ಇಟ್ಟಿರುತ್ತದೆ, ರಾತ್ರಿ ಅಮ್ಮ ಬಂದು ನೇರ ಕುರ್‌ಆನಿನ ಸೂರಾ (ಅಧ್ಯಾಯ) ಯಾಸೀನ್ ಮುಟ್ಟುತ್ತಾರೆ, ಪೆನ್ನು ಇನ್ನೂ ಕಾಯಿದಾದಲ್ಲೇ ಇರುತ್ತದೆ. ಮುಖಪುಟ ಮುಟ್ಟಿ ಶಬ್ದ ಬಂದ ಮೇಲೆ ಒಳಪುಟಕ್ಕೆ ಹೋಗಿ.

ಹಿಫ್ಝ್ (ಕುರ್‌ಆನ್ ಬಾಯಿಪಾಠ) ಮಾಡುವ ಮಕ್ಕಳ ಮನೆಯವರು ಇದನ್ನು ಸ್ವಲ್ಪ ಗಮನಿಸಿ. ಕೆಲವು ಆಯತ್ ಮಾತ್ರ ಓದುವುದಿಲ್ಲ, ಅದೇ ಪುಟದಲ್ಲಿ ಉಳಿದದ್ದೆಲ್ಲ ಓದುತ್ತದೆ ಅಂದರೆ ಆ ಜಾಗವನ್ನು ಓರೆಯಾಗಿ ಹಿಡಿದು ನೋಡಿ. ಪೆನ್ಸಿಲ್ ಗೆರೆ ಇರುತ್ತದೆ. ಉಸ್ತಾದ್ ತಪ್ಪು ತೋರಿಸಿದ ಕಡೆ ಮಕ್ಕಳು ಪೆನ್ಸಿಲ್‌ನಲ್ಲಿ ಗೆರೆ ಎಳೆಯುವುದು ಎಲ್ಲ ಕಡೆ ಇದ್ದದ್ದೇ. ಪೆನ್ಸಿಲ್ ಸೀಸ ಅಂತ ನಾವು ಕರೆಯುವುದು ಗ್ರಾಫೈಟ್, ಅದೂ ಕಾರ್ಬನ್ನೇ. ಚುಕ್ಕಿಯ ಮೇಲೆ ಕಾರ್ಬನ್ ಬಳಿದರೆ ಕ್ಯಾಮೆರಾಗೆ ಎಲ್ಲ ಒಂದೇ ಕಪ್ಪು. ಮೆತ್ತಗಿನ ರಬ್ಬರಿನಲ್ಲಿ ಹಗುರವಾಗಿ ಒರೆಸಿ, ಉಜ್ಜಬೇಡಿ, ಉಜ್ಜಿದರೆ ಚುಕ್ಕಿಯೂ ಎದ್ದು ಹೋಗುತ್ತದೆ. ಗುರುತು ಮಾಡಲೇಬೇಕು ಅಂದರೆ ಅಂಚಿನಲ್ಲಿ ಅಂಟು ಚೀಟಿ ಹಚ್ಚಿ, ಇಲ್ಲ ಕೆಂಪು ಬಣ್ಣದ ಪೆನ್ಸಿಲ್ ಬಳಸಿ. ಬಣ್ಣದ ಪೆನ್ಸಿಲ್ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಮೂತಿಯ ಕೊಳೆ

ಪುಸ್ತಕದಲ್ಲಿ ದೋಷ ಇಲ್ಲ ಅಂದರೆ ಪೆನ್ನನ್ನು ತಲೆಕೆಳಗಾಗಿ ಹಿಡಿದು ಮೂತಿಯ ತೂತಿನ ಒಳಗೆ ಬೆಳಕು ಬಿಟ್ಟು ನೋಡಿ. ಲೆನ್ಸ್ ಒಂದಿಷ್ಟು ಒಳಗಿರುತ್ತದೆ. ಅದರ ಮುಂದೆ ಕಾಗದದ ನಾರು, ಬಟ್ಟೆಯ ಜುಂಗು, ಕೆಲವೊಮ್ಮೆ ಬಿಸ್ಕತ್ತಿನ ಪುಡಿ. ದೊಡ್ಡವರ ಪೆನ್ನಿನಲ್ಲಿ ಅತ್ತರು. ಬೆರಳಿಗೆ ಹಚ್ಚಿಕೊಂಡ ಅತ್ತರು ಮೂತಿಗೆ ತಾಗಿ ಲೆನ್ಸಿನ ಮೇಲೆ ಎಣ್ಣೆಯ ತೆಳು ಪದರ ಕೂರುತ್ತದೆ, ಮೇಲೆ ಧೂಳು ಹಿಡಿಯುತ್ತದೆ.

ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಊದಿ. ಬಾಯಲ್ಲಿ ಊದಬೇಡಿ, ಉಗುಳು ಹಾರುತ್ತದೆ. ಆಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಹಿಂಡಿ, ಒಂದು ಸುತ್ತು ತಿರುಗಿಸಿ ತೆಗೆಯಿರಿ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ಇವು ಯಾವುದೂ ಬೇಡ. ಲೆನ್ಸು ಪ್ಲಾಸ್ಟಿಕ್ಕಿನದು, ಒಮ್ಮೆ ಮಂಜಾದರೆ ಮುಗಿಯಿತು. ಜೆಲ್ ಸ್ಯಾನಿಟೈಸರೂ ಬೇಡ, ಅದು ಒಣಗಿದ ಮೇಲೆ ಪದರ ಬಿಡುತ್ತದೆ.

ಹಿಡಿಯುವ ಕೋನವೂ ಮುಖ್ಯ. ಬರೆಯುವಾಗ ಹೇಗೆ ಓರೆಯಾಗಿ ಹಿಡಿಯುತ್ತೀರೋ ಹಾಗೆ ಹಿಡಿಯಿರಿ. ಕಿಟಕಿಯ ಬಿಸಿಲಲ್ಲಿ ಕೂತು ಓದುತ್ತಿದ್ದರೆ ನೆರಳಿಗೆ ಬನ್ನಿ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಪೆನ್ನಿನ ಸಣ್ಣ ದೀಪ ಅದರ ಮುಂದೆ ಏನೂ ಅಲ್ಲ. ಜಗಲಿಯಲ್ಲಿ ಓದದ ಪೆನ್ನು ಒಳಗೆ ಬಂದರೆ ಓದುವುದು ಇದಕ್ಕೇ.

ಈಗ ದೀಪ ಉರಿಯುತ್ತಿದೆಯಾ ನೋಡಬೇಕು. ಇನ್‌ಫ್ರಾರೆಡ್ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಫೋನಿನ ಕ್ಯಾಮೆರಾಗೆ ಕಾಣುತ್ತದೆ. ಸೆಲ್ಫಿ ಕ್ಯಾಮೆರಾ ತೆರೆಯಿರಿ, ಹಿಂದಿನ ಕ್ಯಾಮೆರಾಗಳಲ್ಲಿ ಅದನ್ನು ತಡೆಯುವ ಗಾಜು ಬಲವಾಗಿರುತ್ತದೆ. ಕೋಣೆ ಕತ್ತಲೆ ಮಾಡಿ, ಪೆನ್ ಆನ್ ಮಾಡಿ, ಮೂತಿಯನ್ನು ಕ್ಯಾಮೆರಾ ಕಡೆ ತಿರುಗಿಸಿ. ಕೆಲವು ಪೆನ್ನುಗಳಲ್ಲಿ ಮೂತಿ ಒತ್ತಿದಾಗ ಮಾತ್ರ ದೀಪ ಹತ್ತುತ್ತದೆ, ಆದ್ದರಿಂದ ಬೆರಳುಗುರಿನಿಂದ ಮೂತಿಯ ಅಂಚು ಒತ್ತಿ ಹಿಡಿದು ನೋಡಿ. ಫೋನಿನ ಪರದೆಯಲ್ಲಿ ನೇರಳೆ ಕಲೆತ ಬಿಳಿ ಬೆಳಕು ಮಿಣುಕಬೇಕು. ನಿಮ್ಮ ಫೋನು ಇದಕ್ಕೆ ಆಗುತ್ತದಾ ಅಂತ ಮೊದಲು ಟಿವಿ ರಿಮೋಟ್ ಒತ್ತಿ ಖಾತ್ರಿ ಮಾಡಿಕೊಳ್ಳಿ.

ಮಿಣುಕಿದರೆ ದೀಪ ಸರಿ. ಮಿಣುಕದಿದ್ದರೆ ದೀಪ ಹೋಗಿದೆ, ಇಲ್ಲ ಮೂತಿಯ ಒಳಗಿನ ಸಣ್ಣ ಸ್ವಿಚ್ ಸಿಕ್ಕಿಕೊಂಡಿದೆ. ಸ್ವಿಚ್ ಆದರೆ ಮೂತಿಯನ್ನು ಒತ್ತಿ ಬಿಟ್ಟು ಮಾಡಿದಾಗ ಮೊದಲಿನ "ಟಿಕ್" ಇರುವುದಿಲ್ಲ. ಇನ್ನೊಂದು ಬಗೆ ಇದೆ. ಪೆನ್ನು ಕೆಳಗೆ ಬಿದ್ದ ಮೇಲೆ ಯಾವುದೋ ವಿಚಿತ್ರ ಕೋನದಲ್ಲಿ ಹಿಡಿದರೆ ಮಾತ್ರ ಓದುತ್ತದೆ. ಅದು ಒಳಗಿನ ಕ್ಯಾಮೆರಾ ಕೂತ ಜಾಗದಿಂದ ಸರಿದಿರುವ ಲಕ್ಷಣ. ಇವೆರಡಕ್ಕೂ ಪೆನ್ ಬಿಚ್ಚಲೇಬೇಕು.

ಓದುತ್ತದೆ, ಆದರೆ ಬೇರೆ ಆಯತ್ ಓದುತ್ತದೆ

ಇದಕ್ಕೆ ಜನ ತುಂಬಾ ಗಾಬರಿ ಆಗುತ್ತಾರೆ, ಆಗಬೇಕಾದದ್ದೇ. ಮಗು ತಪ್ಪು ಕಲಿತರೆ ಏನು ಗತಿ ಅಂತ. ಆದರೆ ದೋಷ ಹುಡುಕುವವನಿಗೆ ಇದು ಸುಲಭದ್ದು, ಯಾಕೆಂದರೆ ತಪ್ಪಿಗೂ ಒಂದು ಕ್ರಮ ಇರುತ್ತದೆ. ಆ ಕ್ರಮವೇ ಕಾರಣ ಹೇಳುತ್ತದೆ.

ಕೆಲವು ಪುಟ ಗುರುತು ಇಟ್ಟುಕೊಳ್ಳಿ. 604 ಪುಟದ ಮುಸ್‌ಹಫ್‌ನಲ್ಲಿ ಆಯತುಲ್ ಕುರ್ಸಿ 42ನೇ ಪುಟದಲ್ಲಿದೆ. ಸೂರಾ ಕಹ್ಫ್ 293ರಲ್ಲಿ ಶುರು, ಯಾಸೀನ್ 440ರಲ್ಲಿ, ಮುಲ್ಕ್ 562ರಲ್ಲಿ. ಇವು ಎಲ್ಲರಿಗೂ ಕಿವಿಗೆ ಪರಿಚಯ ಇರುವ ಭಾಗಗಳು, ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಈ ನಾಲ್ಕು ಕಡೆಯೂ ಮುಟ್ಟಿ ನೋಡಿ.

ನಾಲ್ಕೂ ಕಡೆ ಒಂದೇ ಲೆಕ್ಕದಲ್ಲಿ ಹಿಂದೆ ಮುಂದೆ ಆಗಿದೆ, ಉದಾಹರಣೆಗೆ ಮುಟ್ಟಿದ್ದಕ್ಕಿಂತ ಒಂದು ಆಯತ್ ಮುಂದಿನದೇ ಯಾವಾಗಲೂ ಬರುತ್ತದೆ ಅಂದರೆ, ಪುಸ್ತಕದ ಮುದ್ರಣ ಒಂದು, ಒಳಗಿನ ಫೈಲ್ ಇನ್ನೊಂದು ಮುದ್ರಣದ್ದು. ಹೊಸ ಪುಸ್ತಕ ತಂದು ಹಳೆ ಪೆನ್ನಿಗೆ ಕೊಟ್ಟಾಗ ಹೀಗಾಗುತ್ತದೆ. ಆ ಮಾದರಿಗೆ ತಯಾರಕರೇ ಕೊಟ್ಟ ಹೊಸ ಫೈಲ್ ಹಾಕಿದರೆ ಸರಿಹೋಗುತ್ತದೆ. ಒಬ್ಬ ಖಾರಿಯ (ಕುರ್‌ಆನ್ ಪಠಿಸುವವರ) ದನಿಯಲ್ಲಿ ಮಾತ್ರ ತಪ್ಪು, ದನಿ ಬದಲಾಯಿಸಿದರೆ ಸರಿ, ಅಂದರೆ ಆ ಖಾರಿಯ ಫೈಲ್ ಮಾತ್ರ ಕೆಟ್ಟಿದೆ. ಒಂದೇ ಪುಟದಲ್ಲಿ ತಪ್ಪು, ಬೇರೆ ಎಲ್ಲ ಕಡೆ ಸರಿ, ಅಂದರೆ ಆ ಪುಟದ ಮುದ್ರಣದ್ದೇ ತೊಂದರೆ, ಪೆನ್ನಿನ ತಂಟೆಗೆ ಹೋಗಬೇಡಿ. ಯಾವ ಕ್ರಮವೂ ಇಲ್ಲ, ಒಂದೇ ಜಾಗ ಎರಡು ಸಲ ಮುಟ್ಟಿದರೆ ಎರಡು ಬೇರೆ ಬೇರೆ ಉತ್ತರ, ಅಂದರೆ ಲೆನ್ಸ್ ಕೊಳೆ ಅಥವಾ ಕ್ಯಾಮೆರಾ ಸರಿದಿದೆ, ಮೇಲಿನ ಭಾಗಕ್ಕೆ ವಾಪಸ್ ಹೋಗಿ.

ಇನ್ನು ದೋಷವೇ ಅಲ್ಲದ ದೋಷಗಳು. ಸೂರಾ ತೌಬಾದಲ್ಲಿ ಪೆನ್ನು ಬಿಸ್ಮಿಲ್ಲಾ (ದೇವರ ಹೆಸರಿನ ಆರಂಭದ ವಾಕ್ಯ) ಹೇಳುವುದಿಲ್ಲ ಅಂತ ಒಬ್ಬರು ಪೆನ್ ವಾಪಸ್ ಕಳಿಸಲು ಹೊರಟಿದ್ದರು. 9ನೇ ಸೂರಾಕ್ಕೆ ಬಿಸ್ಮಿಲ್ಲಾ ಇಲ್ಲ, 114 ಸೂರಾಗಳಲ್ಲಿ ಅದೊಂದೇ ಹಾಗೆ. ಮೊದಲ ಸೂರಾ ಫಾತಿಹಾದಲ್ಲಿ 1 ಮುಟ್ಟಿದರೆ ಬಿಸ್ಮಿಲ್ಲಾ ಬರುತ್ತದೆ, ಎರಡನೇ ಸೂರಾ ಬಕರಾದಲ್ಲಿ 1 ಮುಟ್ಟಿದರೆ ಅಲಿಫ್ ಲಾಮ್ ಮೀಮ್ ಬರುತ್ತದೆ, ಇದೂ ಸರಿಯೇ. ಮದೀನಾ ಮುಸ್‌ಹಫ್‌ನ ಲೆಕ್ಕದಲ್ಲಿ ಫಾತಿಹಾದ ಬಿಸ್ಮಿಲ್ಲಾನೇ ಮೊದಲ ಆಯತ್, ಉಳಿದ ಸೂರಾಗಳಲ್ಲಿ ಅದಕ್ಕೆ ನಂಬರ್ ಇಲ್ಲ.

ಫಾತಿಹಾದಲ್ಲಿ "ಮಾಲಿಕಿ ಯೌಮಿದ್ದೀನ್" ಅನ್ನುವ ಬದಲು "ಮಲಿಕಿ" ಅಂತ ಗಿಡ್ಡವಾಗಿ ಕೇಳಿಸಿದರೂ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕೆಲವು ಪೆನ್ನುಗಳಲ್ಲಿ ವರ್ಶ್ ಕಿರಾಅತ್ (ಪಠನ ಕ್ರಮ) ಕೂಡ ಹಾಕಿರುತ್ತಾರೆ, ಮೊರಾಕೊ ಅಲ್ಜೀರಿಯಾ ಕಡೆ ಓದುವ ರೀತಿ ಅದು. ನಮಗೆ ರೂಢಿ ಇರುವುದು ಹಫ್ಸ್. ಯಾರೋ ದನಿ ಬದಲಾಯಿಸಲು ಹೋಗಿ ಅದನ್ನು ಒತ್ತಿರುತ್ತಾರೆ. ಪುಸ್ತಕದ ಸೆಟ್ಟಿಂಗ್ ಪುಟಕ್ಕೆ ಹೋಗಿ ಬೇರೆ ಖಾರಿ ಆರಿಸಿ. ಹಾಗೇ "ಪೆನ್ ಸ್ಲೋ ಆಗಿದೆ, ಒಂದೊಂದು ಆಯತ್‌ಗೂ ಎಷ್ಟು ಹೊತ್ತು" ಅನ್ನುವ ದೂರು. ಕೇಳಿದರೆ ಈಜಿಪ್ಟಿನ ಖಾರಿ ಅಬ್ದುಲ್ ಬಾಸಿತ್ ಅವರ ಮುಜವ್ವದ್ (ನಿಧಾನವಾಗಿ ರಾಗ ಎಳೆದು ಓದುವ ಶೈಲಿ) ಇರುತ್ತದೆ! ಅವರು ಉಸಿರು ಹಿಡಿದು ಎಳೆಯುವುದೇ ಹಾಗೆ. ಮುರತ್ತಲ್ (ಎಳೆಯದೆ ಸರಳವಾಗಿ ಓದುವ ಶೈಲಿ) ಆರಿಸಿಕೊಂಡರೆ ಪೆನ್ನು ಚುರುಕಾಗುತ್ತದೆ.

ಒಂದೇ ಪದ ಹೇಳಿ ನಿಲ್ಲಿಸುತ್ತದೆಯಾ? ಪದ ಪದವಾಗಿ ಓದುವ ಮೋಡ್ ಆನ್ ಇದೆ. ಒಂದೇ ಆಯತ್ ಮತ್ತೆ ಮತ್ತೆ ಹೇಳುತ್ತದೆಯಾ? ರಿಪೀಟ್ ಒತ್ತಿಹೋಗಿದೆ. ಮಾತೆಲ್ಲ ಇಂಡೋನೇಷ್ಯಾ ಭಾಷೆಯಲ್ಲಿ ಬರುತ್ತಿದೆಯಾ? ಮಗುವಿನ ಕೈಯಲ್ಲಿತ್ತು ಅಂತ ಅರ್ಥ. ಐದು ನಿಮಿಷ ಮುಟ್ಟದಿದ್ದರೆ ತಾನೇ ಆಫ್ ಆಗುವುದೂ ಬ್ಯಾಟರಿ ದೋಷ ಅಲ್ಲ, ಅದನ್ನು ಮಾಡಿರುವುದೇ ಹಾಗೆ.

ಚಾರ್ಜ್ ಆಗುವುದಿಲ್ಲ

ಹಳೆಯ ಪೆನ್ನುಗಳಲ್ಲಿ ಮಿನಿ ಯುಎಸ್‌ಬಿ ಇರುತ್ತದೆ, ಮೈಕ್ರೋ ಅಲ್ಲ, ಅದಕ್ಕಿಂತ ದಪ್ಪ ಬಾಯಿ. ಮೈಕ್ರೋ ಪಿನ್ ತುರುಕಿ ಬಾಯಿ ಅಗಲ ಮಾಡಿದ ಪೆನ್ನುಗಳು ಸಾಕಷ್ಟು ಬರುತ್ತವೆ.

ಹೊಸ ಪೆನ್ನುಗಳದು ಟೈಪ್ ಸಿ. ಇಲ್ಲೊಂದು ಮಜಾ ಇದೆ, ಇದನ್ನು ಸರಿಯಾಗಿ ತಿಳಿದುಕೊಂಡರೆ ರಿಪೇರಿ ದುಡ್ಡು ಉಳಿಯುತ್ತದೆ. ಈಗಿನ ಹಲವು ಫೋನ್ ಚಾರ್ಜರುಗಳಲ್ಲಿ ಕೇಬಲ್ಲಿನ ಎರಡೂ ತುದಿ ಟೈಪ್ ಸಿ. ಅಂಥ ಚಾರ್ಜರ್ ಸುಮ್ಮನೆ ಕರೆಂಟ್ ಬಿಡುವುದಿಲ್ಲ. ಆ ಕಡೆ ಇರುವ ಸಾಧನ "ನನಗೆ ಬೇಕು" ಅಂತ ಸೂಚನೆ ಕೊಡಬೇಕು. ಆ ಸೂಚನೆ ಅಂದರೆ ಬೇರೇನಲ್ಲ, ಸಾಕೆಟ್ಟಿನ ಎರಡು ಪಿನ್ನುಗಳಿಗೆ ಹಾಕಿರಬೇಕಾದ 5.1 ಕಿಲೋ ಓಮ್ ರೆಸಿಸ್ಟರುಗಳು. ಅಗ್ಗದ ಸಾಧನಗಳಲ್ಲಿ ಕೆಲವು ಪೈಸೆ ಉಳಿಸಲು ಅವನ್ನೇ ಹಾಕಿರುವುದಿಲ್ಲ. ಆಗ ಎಷ್ಟು ದುಬಾರಿ ಚಾರ್ಜರ್ ಹಾಕಿದರೂ ಪೆನ್ನಿಗೆ ಒಂದು ಹನಿ ಕರೆಂಟ್ ಬರುವುದಿಲ್ಲ. ಪೆನ್ ಸತ್ತಿದೆ ಅಂತ ಅಂಗಡಿಗೆ ತರುತ್ತಾರೆ. ಹಳೆ ಥರದ ಚಪ್ಪಟೆ ಯುಎಸ್‌ಬಿ ಬಾಯಿಯ ಚಾರ್ಜರಿಗೆ, ಒಂದು ತುದಿ ಚಪ್ಪಟೆ ಇನ್ನೊಂದು ತುದಿ ಟೈಪ್ ಸಿ ಇರುವ ಕೇಬಲ್ ಹಾಕಿ ಚುಚ್ಚಿದರೆ ಕೆಂಪು ದೀಪ ಹತ್ತುತ್ತದೆ. ಅಷ್ಟೇ. ಡಬ್ಬಿಯಲ್ಲಿ ಬಂದ ಮೋಟು ಕೇಬಲ್ ಎಸೆಯಬೇಡಿ ಅನ್ನುವುದು ಇದಕ್ಕೇ.

ಫಾಸ್ಟ್ ಚಾರ್ಜರ್ ಹಾಕಿದರೆ ಪೆನ್ ಸುಟ್ಟುಹೋಗುತ್ತದೆ ಅನ್ನುವ ಭಯ ಬಹಳ ಜನಕ್ಕಿದೆ. ಒಳ್ಳೆಯ ಚಾರ್ಜರ್ ಆದರೆ ಸಾಧನ ಕೇಳದೆ 5 ವೋಲ್ಟಿನ ಮೇಲೆ ಕೊಡುವುದಿಲ್ಲ. ಹೆಸರಿಲ್ಲದ ಬೀದಿಬದಿ ಚಾರ್ಜರ್ ಮಾತ್ರ ನಂಬಬೇಡಿ.

ಕೇಬಲ್ ಸರಿ ಇದ್ದೂ ದೀಪ ಹತ್ತದಿದ್ದರೆ ಸಾಕೆಟ್ಟಿನ ಒಳಗೆ ನೋಡಿ. ಹಸಿರು ಬೂಷ್ಟಿನ ಹಾಗೆ ಏನಾದರೂ ಕಂಡರೆ ನೀರು ಹೋಗಿದೆ. ಇದರ ಕಾರಣ ಮನೆಯಲ್ಲೇ ಇದೆ. ವುಝೂ ಮಾಡಿ (ಕೈ, ಮುಖ, ಕಾಲು ತೊಳೆದು) ಕೈ ಒರೆಸದೆ ನೇರ ಬಂದು ಪೆನ್ ಎತ್ತಿಕೊಳ್ಳುತ್ತೇವೆ. ಮೊಣಕೈಯಿಂದ ಇಳಿದ ಹನಿ ಬೆರಳ ಸಂದಿಗೆ ಬಂದು ಅಲ್ಲಿಂದ ಸಾಕೆಟ್ಟಿಗೆ. ಪಕ್ಕದಲ್ಲಿ ಒಂದು ಟವೆಲ್ ಇಟ್ಟುಕೊಂಡರೆ ಸಾಕು. ಬೂಷ್ಟು ತೆಗೆಯಲು ಹಳೆಯ ಮೆತ್ತಗಿನ ಹಲ್ಲುಜ್ಜುವ ಬ್ರಷ್ಷು, ಅದೇ ಆಲ್ಕೊಹಾಲು. ಸೂಜಿ ಹಾಕಿ ಕೆರೆಯಬೇಡಿ. ಕರಾವಳಿಯ ಮಳೆಗಾಲದಲ್ಲಿ ಪೆನ್ನನ್ನು ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ವರ್ಷಗಟ್ಟಲೆ ಚಾರ್ಜ್ ಮಾಡದೆ ಇಟ್ಟ ಪೆನ್ನಿನ ಕತೆ ಬೇರೆ. ಲಿಥಿಯಂ ಬ್ಯಾಟರಿ ಪೂರ್ತಿ ಇಳಿದುಹೋದರೆ ಅದರ ರಕ್ಷಣಾ ಸರ್ಕ್ಯೂಟ್ ಕರೆಂಟ್ ಕಟ್ ಮಾಡಿಬಿಡುತ್ತದೆ. ಚಾರ್ಜರಿಗೆ ಹಾಕಿದ ಕೂಡಲೇ ದೀಪ ಬರದಿದ್ದರೂ ಒಂದೆರಡು ಗಂಟೆ ಕಣ್ಣೆದುರೇ ಬಿಡಿ, ಕೆಲವು ಎದ್ದು ಕೂರುತ್ತವೆ. ರಾತ್ರಿ ದಿಂಬಿನ ಪಕ್ಕ ಚಾರ್ಜಿಗೆ ಇಟ್ಟು ಮಲಗಬೇಡಿ. ಪೆನ್ನಿನ ಹೊಟ್ಟೆ ಉಬ್ಬಿದ್ದರೆ, ಜೋಡಣೆ ಬಾಯಿ ಬಿಟ್ಟಿದ್ದರೆ ಚಾರ್ಜಿಗೆ ಹಾಕಲೇಬೇಡಿ. ಗಲ್ಫಿನಲ್ಲಿ ಬೇಸಿಗೆಯ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಪೆನ್ನುಗಳು ಹೀಗೆ ಆಗಿ ಬರುತ್ತವೆ.

ಕಡ್ಡಿ ಬ್ಯಾಟರಿ ಹಾಕುವ ಹಳೆ ಮಾದರಿಗಳೂ ಇವೆ. ಅದರಲ್ಲಿ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ ನಿಂಬೆರಸವೋ ವಿನೆಗರೋ ಅದ್ದಿದ ಹತ್ತಿಕಡ್ಡಿಯಿಂದ ಸ್ಪ್ರಿಂಗ್ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಪೂರ್ತಿ ಒಣಗಿಸಿ. ರೀಚಾರ್ಜ್ ಸೆಲ್ ಹಾಕಿದರೆ ಬೇಗ "ಲೋ ಬ್ಯಾಟರಿ" ಅನ್ನುತ್ತದೆ, ಅದು 1.5 ಅಲ್ಲ, 1.2 ವೋಲ್ಟ್.

ದನಿ ಇಲ್ಲ, ಅಥವಾ ಗೊರಗೊರ

ಇಯರ್‌ಫೋನ್ ಹಾಕಿ ನೋಡಿ. ಅದರಲ್ಲಿ ದನಿ ಬಂದು ಸ್ಪೀಕರಿನಲ್ಲಿ ಬರದಿದ್ದರೆ ಎರಡೇ ಸಾಧ್ಯತೆ. ಜ್ಯಾಕಿನೊಳಗಿನ ಪತ್ತಿ ಸಿಕ್ಕಿಕೊಂಡು ಇನ್ನೂ ಇಯರ್‌ಫೋನ್ ಇದೆ ಅಂತಲೇ ಪೆನ್ನು ತಿಳಿದಿದೆ, ಇಲ್ಲ ಸ್ಪೀಕರ್ ಹೋಗಿದೆ. ಪಿನ್ನನ್ನು ಹತ್ತಾರು ಸಲ ಹಾಕಿ ತೆಗೆದು ಮಾಡಿದರೆ ಮೊದಲನೆಯದು ಬಹಳ ಸಲ ಬಿಟ್ಟುಕೊಳ್ಳುತ್ತದೆ. ಗೊರಗೊರ ಅಂದರೆ ಸ್ಪೀಕರಿನ ಹಾಳೆ ಹರಿದಿದೆ, ಅಥವಾ ಜಾಲರಿಯಲ್ಲಿ ಧೂಳು. ವಾಲ್ಯೂಮ್ ಎರಡು ಮೆಟ್ಟಿಲು ಇಳಿಸಿದಾಗ ಗೊರಗೊರ ನಿಂತರೆ ಹಾಗೇ ಬಳಸಿ.

ಕಂಪ್ಯೂಟರಿಗೆ ಹಾಕುವ ಮುನ್ನ

ಈ ಭಾಗ ದಯವಿಟ್ಟು ಪೂರ್ತಿ ಓದಿ, ಸರಿ ಇದ್ದ ಪೆನ್ನುಗಳು ಹಾಳಾಗುವುದು ಇಲ್ಲೇ.

ಕಂಪ್ಯೂಟರಿಗೆ ಚುಚ್ಚಿದರೆ ಪೆನ್ನು ಪೆನ್‌ಡ್ರೈವ್ ಥರ ಕಾಣುತ್ತದೆ. ಕಾಣದಿದ್ದರೆ ಕೇಬಲ್ ಬದಲಿಸಿ, ಬರೀ ಚಾರ್ಜಿಗೆ ಮಾತ್ರ ಇರುವ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಕಂಡರೆ, ಬೇರೆ ಏನೂ ಮಾಡುವ ಮೊದಲು, ಒಳಗಿರುವುದನ್ನೆಲ್ಲ ಒಂದು ಫೋಲ್ಡರಿಗೆ ಕಾಪಿ ಮಾಡಿಟ್ಟುಕೊಳ್ಳಿ. ಪೆನ್ನು ಚೆನ್ನಾಗಿರುವಾಗಲೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ಒಳಗಿನ ಫೈಲುಗಳು ಎಂಪಿ 3 ಥರ ಕಾಣುವುದಿಲ್ಲ, ಹೆಸರಿನ ಬಾಲ ವಿಚಿತ್ರವಾಗಿರುತ್ತದೆ, ಡಬಲ್ ಕ್ಲಿಕ್ ಮಾಡಿದರೆ ತೆರೆಯುವುದಿಲ್ಲ. ವೈರಸ್ ಅಂದುಕೊಂಡು ಅಳಿಸಿದವರಿದ್ದಾರೆ. ಅದೇ ಅಲ್ವಾ ಇಡೀ ಪೆನ್ನು! ಹೆಸರನ್ನೂ ಬದಲಿಸಬೇಡಿ. ಒಂದು ಅಕ್ಷರ ಆಚೀಚೆ ಆದರೂ ಪೆನ್ನಿಗೆ ಸಿಗುವುದಿಲ್ಲ.

"ಈ ಡ್ರೈವ್ ಬಳಸಲು ಫಾರ್ಮ್ಯಾಟ್ ಮಾಡಬೇಕು" ಅಂತ ವಿಂಡೋಸ್ ಕೇಳಿದರೆ ಕೈ ಹಿಂದೆ ತೆಗೆಯಿರಿ. ಬೇರೆ ಕಂಪ್ಯೂಟರಿನಲ್ಲಿ ನೋಡಿ. ಅಲ್ಲಿ ತೆರೆದುಕೊಂಡರೆ ಮೊದಲು ಕಾಪಿ, ಆಮೇಲೆ ಡ್ರೈವಿನ ಪ್ರಾಪರ್ಟೀಸಿನಲ್ಲಿ ಎರರ್ ಚೆಕ್. ಕಾಪಿ ಕೈಯಲ್ಲಿದ್ದು ಬೇರೆ ದಾರಿ ಇಲ್ಲದಾಗ ಮಾತ್ರ ಫಾರ್ಮ್ಯಾಟ್, ಅದೂ ಫ್ಯಾಟ್ 32. ಎನ್‌ಟಿಎಫ್‌ಎಸ್ ಆರಿಸಿದರೆ ಪೆನ್ನಿಗೆ ಅರ್ಥವಾಗುವುದಿಲ್ಲ.

ಮೆಮೊರಿ ಕಾರ್ಡ್ ಹಾಕುವ ಪೆನ್ನಾದರೆ 32 ಜಿಬಿ ಮೀರಬೇಡಿ. ಅದರ ಮೇಲಿನವು ಎಕ್ಸ್‌ಫ್ಯಾಟ್ ಆಗಿ ಬರುತ್ತವೆ, ಅಗ್ಗದ ಬೋರ್ಡುಗಳು ಅದನ್ನು ಓದುವುದಿಲ್ಲ. ಸಂತೆಯಲ್ಲಿ ಸಿಗುವ ಅಗ್ಗದ ಕಾರ್ಡುಗಳಲ್ಲಿ ಮೇಲೆ 32 ಅಂತ ಬರೆದಿದ್ದು ಒಳಗೆ ಅಷ್ಟು ಇರುವುದಿಲ್ಲ. ಕಾಪಿ ಆದ ಹಾಗೆ ಕಾಣುತ್ತದೆ. ಆದರೆ ಮೊದಲ ಜುಝ್‌ಗಳು (ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಮೊದಲಿನವು) ಸರಿಯಾಗಿ ಓದಿ, ಎಲ್ಲೋ ನಡುವಿನಿಂದ ಕೊನೆಯವರೆಗೆ ಮೌನ. ಹೀಗಾದರೆ ಕಾರ್ಡನ್ನೇ ಅನುಮಾನಿಸಿ.

ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿಸಿದಿರಾ? ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಬದಲಾಗಿದ್ದರೆ ಅದು ಹಳೆಯ ಶಾರ್ಟ್‌ಕಟ್ ವೈರಸ್. ಫೈಲ್ ಹೋಗಿಲ್ಲ, ಅಡಗಿಸಿಟ್ಟಿದೆ. ಆಂಟಿವೈರಸ್ ಓಡಿಸಿ, ಫೋಲ್ಡರ್ ಸೆಟ್ಟಿಂಗಿನಲ್ಲಿ ಅಡಗಿದ ಫೈಲುಗಳನ್ನೂ ಸಿಸ್ಟಮ್ ಫೈಲುಗಳನ್ನೂ ತೋರಿಸುವಂತೆ ಮಾಡಿದರೆ ಎಲ್ಲ ಕಾಣುತ್ತವೆ. ಅವನ್ನು ಕಾಪಿ ಮಾಡಿಕೊಂಡು ಶಾರ್ಟ್‌ಕಟ್‌ಗಳನ್ನು ಅಳಿಸಿ.

ಇನ್ನೊಂದು ಮಾದರಿಯ ಸಾಫ್ಟ್‌ವೇರ್ ತಂದು ಹಾಕುವ ಸಾಹಸ ಬೇಡ. ಹೊರಗೆ ಒಂದೇ ಥರ ಕಂಡರೂ ಒಳಗಿನ ಬೋರ್ಡ್ ಬೇರೆ ಇರುತ್ತದೆ. ಇಲ್ಲಿ ನಿಜವಾಗಿಯೂ ಪೆನ್ ಸಾಯುತ್ತದೆ.

"ಕನ್ನಡ ಹಾಕಿಕೊಡಿ"

ಇದು ದೋಷ ಅಲ್ಲ, ಆದರೂ ತುಂಬಾ ಜನ ಕೇಳುತ್ತಾರೆ. ಪೆನ್ನುಗಳಲ್ಲಿ ಉರ್ದು ಇರುತ್ತದೆ, ಇಂಗ್ಲಿಷ್ ಇರುತ್ತದೆ, ಎಷ್ಟೋ ಸಲ ಮಲಯಾಳಂ ಕೂಡ. ಅರಬಿ ಮಲಯಾಳಂ (ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ) ಕಿತಾಬು ಓದಿದ ದಕ್ಷಿಣ ಕನ್ನಡದ ಮದ್ರಸ ಮಕ್ಕಳಿಗೆ ಅದು ಒಂದಿಷ್ಟು ಕೈ ಹಿಡಿಯುತ್ತದೆ. ಕನ್ನಡ ಇರುವುದು ಅಪರೂಪ. ಕನ್ನಡ ಅನುವಾದದ ಎಂಪಿ 3 ತಂದು ಒಳಗೆ ಹಾಕಿದರೆ ಪೆನ್ನು ಆಯತ್ ಮುಟ್ಟಿದಾಗ ಕನ್ನಡ ಹೇಳುತ್ತದಾ? ಇಲ್ಲ. ಚುಕ್ಕಿಯ ನಂಬರಿಗೂ ಆ ಆಡಿಯೊಗೂ ಗಂಟು ಹಾಕಿದ ಫೈಲ್ ಬೇಕು, ಅದನ್ನು ತಯಾರಕರೇ ಮಾಡಬೇಕು. ಎಂಪಿ 3 ಮೋಡ್ ಇರುವ ಪೆನ್ನಾದರೆ ಮ್ಯೂಸಿಕ್ ಫೋಲ್ಡರಿನಲ್ಲಿ 001ರಿಂದ 114ರವರೆಗೆ ಹೆಸರು ಕೊಟ್ಟು ಸೂರಾವಾರು ಹಾಕಿಕೊಳ್ಳಿ. ಮುಟ್ಟಿದರೆ ಬರುವುದಿಲ್ಲ, ಆದರೆ ಬಟನ್ ಒತ್ತಿ ಕೇಳಬಹುದು. ಸಂಪೂರ್ಣ ಕನ್ನಡ ಪೆನ್ ಅಂತ ಆನ್‌ಲೈನಿನಲ್ಲಿ ಮಾರುವವರು ಕೆಲವೊಮ್ಮೆ ಇಷ್ಟನ್ನೇ ಮಾಡಿ ಕಳಿಸುತ್ತಾರೆ. ನಮ್ಮ ಮನೆಗೇ ಅಂಥದ್ದೊಂದು ಬಂತು, ಮೆಸೇಜ್ ಮಾಡಿದರೆ ಉತ್ತರವೇ ಇಲ್ಲ. ಆರ್ಡರ್ ಮಾಡುವ ಮೊದಲು ಪುಟ ಮುಟ್ಟಿ ಕನ್ನಡ ಬರುವ ವಿಡಿಯೊ ಕಳಿಸಿ ಅಂತ ಕೇಳಿ.

ಬಿಚ್ಚಲೇಬೇಕಾದರೆ

ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರಿಗೆ ಮಾತ್ರ. ಸ್ಕ್ರೂ ಬಹಳ ಸಲ ಸ್ಟಿಕ್ಕರ್ ಅಡಿಯಲ್ಲಿ ಅಡಗಿರುತ್ತದೆ, ಬೆರಳಾಡಿಸಿದರೆ ಕುಳಿ ಗೊತ್ತಾಗುತ್ತದೆ. ಜೋಡಣೆಯ ಸಂದಿಗೆ ಹಳೆಯ ಸಿಮ್ ಕಾರ್ಡಿನ ಪ್ಲಾಸ್ಟಿಕ್ ತೂರಿಸಿ, ಲೋಹ ಬೇಡ. ಬ್ಯಾಟರಿ 3.7 ವೋಲ್ಟಿನದು, ಪೂರ್ತಿ ತುಂಬಿದಾಗ 4.2 ತೋರಿಸಬೇಕು. ಚಾರ್ಜಿಗೆ ಹಾಕಿದ ಮೇಲೂ 3ಕ್ಕಿಂತ ಕೆಳಗೇ ಕೂತಿದ್ದರೆ ಬ್ಯಾಟರಿ ಬದಲಿಸಿ. ಅದೇ ಅಳತೆಯ, ರಕ್ಷಣಾ ಸರ್ಕ್ಯೂಟ್ ಇರುವ ಬ್ಯಾಟರಿಯೇ ಬೇಕು, ಕೆಂಪು ಕಪ್ಪು ತಂತಿ ಅದಲುಬದಲು ಮಾಡಬೇಡಿ. ಸ್ಪೀಕರ್ ಸಾಮಾನ್ಯವಾಗಿ 8 ಓಮಿನದು, ಮೀಟರ್ 7ರಿಂದ 8 ತೋರಿಸಿದರೆ ಸರಿ, ಏನೂ ತೋರಿಸದಿದ್ದರೆ ಸುತ್ತು ಕಡಿದಿದೆ. ಮಾಮೂಲಿ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ "ಟಕ್" ಅನ್ನಬೇಕು. ಕ್ಯಾಮೆರಾ ಸರಿದಿದ್ದರೆ ಅದರ ಪಟ್ಟಿ ಕೇಬಲ್ ಒತ್ತಿ ಕೂರಿಸಿ, ಲೆನ್ಸ್ ಮುಟ್ಟದೆ ಅದರ ಗೂಡಿಗೆ ನೇರ ಮಾಡಿ. ದೀಪವೋ ಮುಖ್ಯ ಚಿಪ್ಪೋ ಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ, ಅದರ ಬಿಡಿಭಾಗ ಇಲ್ಲಿ ಸಿಗುವುದಿಲ್ಲ.

ಆಗಲೂ ಪುಸ್ತಕವನ್ನು ಯಾರಿಗೂ ಕೊಟ್ಟುಬಿಡಬೇಡಿ. ಪುಸ್ತಕ ಕಳೆದುಹೋದ ಪೆನ್ನುಗಳೂ ಪೆನ್ ಕೆಟ್ಟ ಪುಸ್ತಕಗಳೂ ಊರಲ್ಲಿ ಬೇಕಾದಷ್ಟಿವೆ. ಮದ್ರಸದ ಗುಂಪಿನಲ್ಲಿ ಮುಖಪುಟದ ಫೋಟೊ, ಪೆನ್ನಿನ ಹಿಂದಿನ ಮಾದರಿ ನಂಬರಿನ ಫೋಟೊ ಎರಡೂ ಹಾಕಿ ಕೇಳಿ. ಯಾರಾದರೂ ಅದೇ ಮಾದರಿಯ ಪೆನ್ ತಂದರೆ ತೆಗೆದುಕೊಳ್ಳುವ ಮೊದಲು ನಿಮ್ಮ ಪುಸ್ತಕದ 42, 293, 440, 562ನೇ ಪುಟಗಳನ್ನು ಮುಟ್ಟಿಸಿ ನೋಡಿ.